ಅಪಘಾತದಲ್ಲಿ ಅಯೋರ್ಟಾ ಹರಿದಿದೆ, ತೊಡೆಯಿಂದ ಸ್ಟೆಂಟ್ ಹಾಕಿದರೆ ಸಾಕಾ?

ಶಿರಾಡಿ ಘಾಟಿಯಲ್ಲಿ ಭಾವನ ಕಾರು ಲಾರಿಗೆ ಗುದ್ದಿದೆ, ಎದೆಯೊಳಗಿನ ದೊಡ್ಡ ರಕ್ತನಾಳ, ಅಂದರೆ ಅಯೋರ್ಟಾ, ಹರಿದಿದೆ ಅಂದಿದ್ದಾರೆ, ಎರಡು ದಿನವಾದರೂ ಆಪರೇಷನ್ ಇಲ್ಲ, ಈಗ ತೊಡೆಯಿಂದ ಸ್ಟೆಂಟ್ ಅನ್ನುತ್ತಿದ್ದಾರೆ, ಎದೆ ತೆರೆದು ಹೊಲಿಯುವುದೇ ಗಟ್ಟಿ ಅಲ್ವಾ ಅಂತ ಕೇಳಿದ್ದೀರಿ. ನಾನು ಹಾಸನದಲ್ಲಿ ಐಸಿಯು ನರ್ಸ್, ಮೊದಲು ಬೆಂಗಳೂರಿನಲ್ಲಿ ಹೃದಯದ ಐಸಿಯುನಲ್ಲಿದ್ದೆ. ಸುಮ್ನೆ ಕಾಯಿಸುತ್ತಿದ್ದಾರೆ ಅಂದುಕೊಳ್ಳಬೇಡಿ. ಈ ಎರಡು ದಿನವೂ ಚಿಕಿತ್ಸೆ ನಡೆದೇ ಇದೆ.

ಓಡುವ ಗಾಡಿ ಥಟ್ಟನೆ ನಿಂತಾಗ ಹೃದಯ ಮತ್ತು ಅದರ ಮೇಲಿನ ಬಾಗಿದ ನಾಳ ಮುಂದಕ್ಕೆ ಜಗ್ಗುತ್ತದೆ, ಬೆನ್ನುಮೂಳೆಗೆ ಅಂಟಿಕೊಂಡ ಭಾಗ ಅಲ್ಲೇ ಉಳಿಯುತ್ತದೆ. ಎರಡೂ ಸೇರುವ ಕಡೆ, ಎಡಗೈಗೆ ಹೋಗುವ ಕವಲು ದಾಟಿದ ಕೂಡಲೇ, ಹರಿಯುವುದು ಜಾಸ್ತಿ. ಪೂರ್ತಿ ಒಡೆದವರಲ್ಲಿ ಹೆಚ್ಚಿನವರು ಆಸ್ಪತ್ರೆ ಮುಟ್ಟುವುದೇ ಇಲ್ಲ. ನಿಮ್ಮ ಭಾವನಿಗೆ ಹೊರಪದರ ಹಿಡಿದುಕೊಂಡಿರಬೇಕು. ಅದು ಒಡೆಯದಿರಲಿ ಅಂತ ಎಸ್ಮೊಲಾಲ್, ಲ್ಯಾಬೆಟಲಾಲ್‌ನಂಥ ಔಷಧಿ ಡ್ರಿಪ್‌ನಲ್ಲಿ ಕೊಟ್ಟು ಮೇಲಿನ ಬಿಪಿಯನ್ನು ಸಾಮಾನ್ಯವಾಗಿ 120ರ ಒಳಗೆ ಇಡುತ್ತಾರೆ. ತಲೆಗೂ ಪೆಟ್ಟಾಗಿದ್ದರೆ ಲೆಕ್ಕ ಬೇರೆ, ಅಷ್ಟು ಇಳಿಸಲು ಆಗದಿರಬಹುದು. ಮಣಿಕಟ್ಟಿನ ನಾಳಕ್ಕೆ ಸೇರಿಸಿದ ಸಣ್ಣ ನಳಿಕೆಯಿಂದ ಪ್ರತಿ ಬಡಿತದ ಬಿಪಿ ಮಾನಿಟರ್‌ನಲ್ಲಿ ಕಾಣುತ್ತದೆ. ಮನೆಯವರು ಹಾಸಿಗೆ ಪಕ್ಕ ನಿಂತು ಜೋರಾಗಿ ಅತ್ತಾಗ ಆ ನಂಬರ್ ಏರುವುದನ್ನು ಕಣ್ಣಾರೆ ನೋಡಿದ್ದೇನೆ. ಪಕ್ಕೆಲುಬಿನ ನೋವಿಗೂ ಏರುತ್ತದೆ. ಹಾಗಾಗಿ ಒಳಗೆ ಹೋದಾಗ ಸಮಾಧಾನದಿಂದ ಮಾತಾಡಿ, ನೋವು ಅಂದರೆ ಸಿಸ್ಟರ್‌ಗೆ ತಕ್ಷಣ ಹೇಳಿ.

ಎಷ್ಟು ಹರಿದಿದೆ ಅನ್ನುವುದು ಸಿಟಿ ಆಂಜಿಯೋದಲ್ಲಿ, ಅಂದರೆ ರಕ್ತನಾಳಗಳ ಸ್ಕ್ಯಾನ್‌ನಲ್ಲಿ, ಗೊತ್ತಾಗುತ್ತದೆ. ನಾಲ್ಕು ಗ್ರೇಡ್ ಇವೆ. ಮೊದಲನೆಯದರಲ್ಲಿ, ಅಂದರೆ ಒಳಪದರ ಮಾತ್ರ ಹರಿದಿದ್ದರೆ, ಔಷಧಿ ಕೊಟ್ಟು, ಮತ್ತೆ ಸ್ಕ್ಯಾನ್ ಮಾಡಿ ನೋಡುತ್ತಾರೆ, ಹೆಚ್ಚಾಗಿ ತಾನೇ ವಾಸಿಯಾಗುತ್ತದೆ. ಮೂರನೆಯದರಲ್ಲಿ ನಾಳ ಪಕ್ಕಕ್ಕೆ ಉಬ್ಬಿರುತ್ತದೆ, ಸ್ಟೆಂಟ್ ಬೇಕು. ನಾಲ್ಕನೆಯದು ಒಡೆದು ರಕ್ತ ಸುರಿಯುವುದು, ಅದಕ್ಕೆ ಯಾರೂ ಕಾಯುವುದಿಲ್ಲ.

ಈಗ ಗಟ್ಟಿ ಯಾವುದು ಅನ್ನುವ ಪ್ರಶ್ನೆ. ಎದೆ ತೆರೆಯುವುದು ಅಂದರೆ ಎಡಪಕ್ಕೆ ಕೊಯ್ದು, ಒಂದು ಶ್ವಾಸಕೋಶ ಕುಗ್ಗಿಸಿ, ಅಯೋರ್ಟಾಕ್ಕೇ ಕ್ಲ್ಯಾಂಪ್ ಹಾಕಿ, ಎಷ್ಟೋ ಸಲ ರಕ್ತ ತೆಳುಮಾಡುವ ಹೆಪಾರಿನ್ ಕೊಟ್ಟು ಮಾಡುವ ಕೆಲಸ. ಪಕ್ಕೆಲುಬು ಮುರಿದು, ಶ್ವಾಸಕೋಶ ಜಜ್ಜಿ, ತಲೆಗೂ ಏಟು ಬಿದ್ದವರಿಗೆ ಇದು ತಡೆಯುವುದು ಕಷ್ಟ. ಬೆನ್ನುಹುರಿಗೆ ರಕ್ತ ಕಡಿಮೆಯಾಗಿ ಎರಡೂ ಕಾಲು ಬಿದ್ದುಹೋಗುವ ಅಪಾಯವೂ ಸ್ಟೆಂಟ್‌ಗಿಂತ ಇದರಲ್ಲೇ ಜಾಸ್ತಿ. ಸ್ಟೆಂಟ್ ಗ್ರಾಫ್ಟ್ ಅಂದರೆ ಲೋಹದ ಜಾಲರಿಗೆ ಬಟ್ಟೆ ಹೊದಿಸಿದ ಕೊಳವೆ. ಮಡಚಿಟ್ಟ ಅದನ್ನು ತೊಡೆಸಂದಿನ ನಾಳದಿಂದ ಮೇಲಕ್ಕೆ ಒಯ್ದು, ಎಕ್ಸ್‌ರೇ ನೋಡಿಕೊಂಡು ಹರಿದ ಜಾಗದಲ್ಲಿ ಅರಳಿಸುತ್ತಾರೆ, ರಕ್ತ ಅದರೊಳಗೆ ಹರಿಯುತ್ತದೆ. ಇದು ನಿನ್ನೆ ಮೊನ್ನೆಯದಲ್ಲ. ಗಾಯದಿಂದ ಉಬ್ಬಿದ ಎದೆಯ ಅಯೋರ್ಟಾಕ್ಕೆ ಉಕ್ರೇನಿನ ಖಾರ್ಕಿವ್‌ನಲ್ಲಿ ಡಾ. ವೊಲೊಡೋಸ್ 1987ರಲ್ಲೇ ಇಂಥದ್ದನ್ನು ಹಾಕಿದ್ದರು. ನಾಳ ಸ್ಟೆಂಟ್‌ಗೆ ಹೊಂದುವಂತಿದ್ದರೆ ಈಗ ಮೊದಲ ಆಯ್ಕೆಯೇ ಇದು. ನನ್ನ ಮನೆಯವರಿಗಾದರೂ ನಾನು ಇದನ್ನೇ ಕೇಳುತ್ತಿದ್ದೆ.

ಆದರೂ ಸಣ್ಣ ಗಾಯ ಅಂತ ಹಗುರವಾಗಿ ತೆಗೆದುಕೊಳ್ಳಬೇಡಿ. ಕೆಲವೊಮ್ಮೆ ಎಡಗೈ ಕವಲನ್ನೂ ಮುಚ್ಚಬೇಕಾಗುತ್ತದೆ, ಅದಕ್ಕೇ ಹೊರಗೆ ತಂದ ಮೇಲೆ ಎಡ ಮಣಿಕಟ್ಟಿನ ನಾಡಿ ಮುಟ್ಟಿ ಮುಟ್ಟಿ ನೋಡುತ್ತೇವೆ, ಕಾಲ್ಬೆರಳು ಆಡಿಸಿ, ಕಾಲೆತ್ತಿ ಅನ್ನುತ್ತೇವೆ. ಸ್ಟೆಂಟ್ ಜಾರಬಹುದು, ಪಕ್ಕದಿಂದ ರಕ್ತ ಸೋರಬಹುದು. ಹಾಗಾಗಿ ಆಗಾಗ ಸ್ಕ್ಯಾನ್ ಜೀವನಪೂರ್ತಿ ಇರುತ್ತದೆ. ಊರಿಗೆ ಬಂದು ಆರಾಮಾದ ಮೇಲೆ ಜನ ಬಿಟ್ಟುಬಿಡುವುದು ಇದನ್ನೇ, ದಯವಿಟ್ಟು ನೀವು ಬಿಡಬೇಡಿ. ಡಿಸ್ಚಾರ್ಜ್ ಸಮ್ಮರಿ, ಸ್ಟೆಂಟ್ ಕಾರ್ಡ್, ಸಿಟಿಯ ಸಿಡಿ ಒಂದೇ ಫೈಲಿನಲ್ಲಿಡಿ.

ಖರ್ಚು ದೊಡ್ಡದೇ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಏನು ಸಿಗುತ್ತದೆ ಅಂತ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಇವತ್ತೇ ಕೇಳಿ. ರೌಂಡ್ಸ್‌ಗೆ ಡಾಕ್ಟರ್ ಬಂದಾಗ ಎರಡು ಪ್ರಶ್ನೆ ಕೇಳಿ: ಎಷ್ಟನೇ ಗ್ರೇಡ್, ಎಡಗೈ ಕವಲು ಮುಚ್ಚುತ್ತಾರಾ. ಅವರು ಹೇಳಿದ್ದು ಅರ್ಥವಾಗದಿದ್ದರೆ ಇಲ್ಲೇ ಬರೆಯಿರಿ, ಬಿಡಿಸಿ ಹೇಳುತ್ತೇನೆ.