ಔಷಧ ಓದುವವರಿಗೆ ಮೂಳೆ-ನರಗಳ ಪಾಠ ಯಾಕೆ?

ಪತ್ರ: ನಾನು ಫಾರ್ಮಸಿ ಮೊದಲ ವರ್ಷದ ವಿದ್ಯಾರ್ಥಿನಿ. ಮುಂದೆ ನಾನೇನೂ ಆಪರೇಷನ್ ಮಾಡುವುದಿಲ್ಲ. ಆದರೂ 206 ಮೂಳೆ, 12 ಜೊತೆ ಕಪಾಲ ನರಗಳನ್ನು ಬಾಯಿಪಾಠ ಮಾಡಬೇಕು. ಇವತ್ತು ಓದಿದ್ದು ನಾಳೆಗೆ ನೆನಪಿರುವುದಿಲ್ಲ. ಏನನ್ನು ಬಿಡಬಹುದು? ದೇಹದ ಚಿತ್ರಗಳ ದಪ್ಪ ಅಟ್ಲಾಸ್ ಕೊಳ್ಳಲೇಬೇಕಾ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅನಾಟಮಿ, ಅಂದರೆ ದೇಹರಚನೆಯ ಪಾಠ, ಮೊದಲು ಮುಗಿದುಹೋಗುತ್ತದೆ, ಔಷಧಗಳ ಪಾಠ ಆಮೇಲೆ ಬರುತ್ತದೆ. ಹಾಗಾಗಿ ಓದುವಾಗ ಇದೆಲ್ಲ ಯಾತಕ್ಕೆ ಅಂತ ತಿಳಿಯುವುದೇ ಇಲ್ಲ. ಒಂದು ಕೆಲಸ ಮಾಡಿ. ಅಂಗಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು, ಒಂದೊಂದೇ ಔಷಧ ಹಿಡಿದುಕೊಂಡು ಓದಿ. ಅದು ಎಲ್ಲಿಂದ ಒಳಗೆ ಹೋಯಿತು, ಯಾವ ದಾರಿ ಹಿಡಿಯಿತು, ಎಲ್ಲಿಂದ ಹೊರಬಿತ್ತು ಅಂತ ಬೆನ್ನು ಹತ್ತಿ.

ಎದೆನೋವಿಗೆ ಕೊಡುವ ನೈಟ್ರೋಗ್ಲಿಸರಿನ್ ಮಾತ್ರೆಯನ್ನು ನಾಲಿಗೆಯ ಕೆಳಗೆ ಇಡುತ್ತಾರೆ. ನುಂಗಿದರೆ ಏನಾಗುತ್ತದೆ? ಸಣ್ಣಕರುಳಿನಿಂದ ಹೊರಟ ರಕ್ತ ಪೋರ್ಟಲ್ ವೇನ್ ಮೂಲಕ ನೇರ ಲಿವರ್‌ಗೆ ಹೋಗುತ್ತದೆ. ಲಿವರ್ ಆ ಔಷಧದ ಬಹುಪಾಲನ್ನು ಅಲ್ಲೇ ಒಡೆದುಹಾಕುತ್ತದೆ. ಈಗ ಕನ್ನಡಿ ಮುಂದೆ ನಿಂತು ನಾಲಿಗೆ ಎತ್ತಿ ನೋಡಿ. ನೀಲಿ ರಕ್ತನಾಳಗಳು ಎದ್ದು ಕಾಣುತ್ತವೆ, ಅಲ್ವಾ? ಅಲ್ಲಿನ ರಕ್ತ ಲಿವರ್ ಕಡೆ ತಿರುಗದೆ ಹೃದಯಕ್ಕೆ ಹೋಗುತ್ತದೆ. ಗುದದಲ್ಲಿ ಇಡುವ ಔಷಧದ ಕತೆಯೂ ಇಂಥದ್ದೇ. ಕೆಳಭಾಗದ ರಕ್ತನಾಳಗಳು ಲಿವರನ್ನು ತಪ್ಪಿಸುತ್ತವೆ, ಮೇಲ್ಭಾಗದ್ದು ಲಿವರ್‌ಗೇ ಹೋಗುತ್ತದೆ. ನಗಬೇಡಿ, ಎಷ್ಟು ಒಳಗೆ ಇಟ್ಟಿದ್ದಾರೆ ಅನ್ನುವುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಉದಾಹರಣೆ ಕಣ್ಣಿನ ಹನಿ. ಹಾಕಿಕೊಂಡ ಸ್ವಲ್ಪ ಹೊತ್ತಿಗೆ ಗಂಟಲು ಕಹಿಯಾಗುತ್ತದೆ. ಯಾಕೆ? ಕೆಳರೆಪ್ಪೆಯನ್ನು ಮೂಗಿನ ಕಡೆಯ ಮೂಲೆಯಲ್ಲಿ ಸ್ವಲ್ಪ ಕೆಳಗೆಳೆದು ನೋಡಿ, ಅಂಚಿನಲ್ಲೇ ಸೂಜಿಮೊನೆಯಷ್ಟು ತೂತು ಇದೆ. ಕಣ್ಣೀರು ಅದರಿಂದ ಮೂಗಿಗೆ, ಅಲ್ಲಿಂದ ಗಂಟಲಿಗೆ ಇಳಿಯುತ್ತದೆ, ಹನಿಯೂ ಅದೇ ದಾರಿ ಹಿಡಿಯುತ್ತದೆ. ಮೂಗಿನ ಒಳಪೊರೆ ಔಷಧವನ್ನು ಹೀರಿ ರಕ್ತಕ್ಕೆ ಸೇರಿಸುತ್ತದೆ. ಅಲ್ಲಿಂದ ಹೊರಟಿದ್ದಕ್ಕೆ ಲಿವರ್‌ನ ಮೊದಲ ತಡೆ ಇಲ್ಲ. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಗೆ ಕೊಡುವ ಟಿಮೊಲಾಲ್ ಹೀಗೆ ರಕ್ತ ಸೇರಿದರೆ ಅಸ್ತಮಾ ಇರುವವರ ಶ್ವಾಸನಾಳ ಬಿಗಿಯಬಹುದು. ಬರೀ ಒಂದು ಕಣ್ಣಿನ ಹನಿಯಿಂದ! ಅದಕ್ಕೇ ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಆ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಲು ಹೇಳುವುದು. ಅಸ್ತಮಾ ಇದೆಯಾ ಅಂತ ಮೊದಲೇ ಕೇಳುವುದೂ ಅದಕ್ಕೇ. ಕೌಂಟರಿನ ಹಿಂದೆ ನಿಂತು ಇದನ್ನು ಕೇಳಬೇಕಾದವರು, ಹೇಳಬೇಕಾದವರು ನಾಳೆ ನೀವೇ.

ನರಗಳಿಗೆ ಬರೋಣ. ಹನ್ನೆರಡರ ಹೆಸರು, ಕೆಲಸ ಪರೀಕ್ಷೆಗೆ ಹೇಗೂ ಬೇಕು. ಆದರೆ 3, 7, 9, 10 ಇವನ್ನು ಬಿಡದೆ ಓದಿ. ಅಟ್ರೋಪಿನ್ ಕೊಟ್ಟಾಗ ಕಣ್ಣಿನ ಪಾಪೆ ಅಗಲವಾಗುತ್ತದೆ, ಅದು ಮೂರನೆಯದರ ಕೆಲಸ ನಿಂತಿದ್ದರಿಂದ. ಬಾಯಿ ಒಣಗುವುದು 7 ಮತ್ತು 9ರ ಕೆಲಸ ನಿಂತಿದ್ದರಿಂದ. ಹೃದಯದ ಬಡಿತ ಜಾಸ್ತಿಯಾಗುವುದು, ಕರುಳು ನಿಧಾನವಾಗುವುದು ಹತ್ತನೆಯದಾದ ವೇಗಸ್‌ನ ಕೆಲಸ ನಿಂತಿದ್ದರಿಂದ. ಒಂದೇ ಔಷಧ, ನಾಲ್ಕು ನರ. ಜೊತೆಗೆ ಎಂಟನೆಯದನ್ನೂ ಗುರುತು ಹಾಕಿಕೊಳ್ಳಿ. ಜೆಂಟಾಮೈಸಿನ್‌ನಂಥ ಔಷಧಗಳು ಒಳಕಿವಿಯ ಜೀವಕೋಶಗಳನ್ನು ಹಾಳುಮಾಡಿದರೆ ಕಿವಿ ಮಂದವಾಗಬಹುದು, ತಲೆ ತಿರುಗಬಹುದು. ಒಳಕಿವಿಯ ಸುದ್ದಿ ಮಿದುಳಿಗೆ ಹೋಗುವ ದಾರಿಯೇ ಆ ಎಂಟನೆಯ ನರ.

ಕಿಡ್ನಿಯನ್ನು ಮಾತ್ರ ಕೈಯಾರೆ ಬರೆದೇ ಕಲಿಯಿರಿ. ಒಂದೊಂದರಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ, ಅಂದರೆ ರಕ್ತ ಸೋಸುವ ಸಣ್ಣ ಕೊಳವೆಗಳು. ಎರಡೂ ಸೇರಿ ದಿನಕ್ಕೆ 180 ಲೀಟರ್‌ನಷ್ಟು ಸೋಸುತ್ತವೆ. ಮೂತ್ರವಾಗಿ ಹೊರಬರುವುದು ಒಂದೂವರೆ ಲೀಟರ್ ಆಸುಪಾಸು. ಉಳಿದದ್ದೆಲ್ಲ ವಾಪಸ್. ಆ ವಾಪಸಾತಿಯನ್ನು ಎಲ್ಲಿ ತಡೆಯುತ್ತವೆ ಅನ್ನುವುದೇ ಮೂತ್ರ ಹೆಚ್ಚಿಸುವ ಔಷಧಗಳ ಗುಟ್ಟು. ಒಂದು ದೊಡ್ಡ ನೆಫ್ರಾನ್ ಬರೆದು, ಹೆನ್ಲೆ ಕುಣಿಕೆಯ ಏರುವ ದಪ್ಪ ಭಾಗದ ಪಕ್ಕ ಫ್ಯೂರೋಸೆಮೈಡ್ ಅಂತ, ಅದರ ಮುಂದಿನ ಸುರುಳಿಯ ಪಕ್ಕ ಥಯಾಜೈಡ್ ಅಂತ, ಕೊನೆಯ ಸಂಗ್ರಾಹಕ ನಾಳದ ಪಕ್ಕ ಸ್ಪೈರೊನೊಲ್ಯಾಕ್ಟೋನ್ ಅಂತ ಬರೆಯಿರಿ. ಮುಂದಿನ ವರ್ಷದ ಅರ್ಧ ಪಾಠ ಈಗಲೇ ಆಯಿತು.

ಮೂಳೆಗಳ ವಿಷಯದಲ್ಲಿ ನಾನು ನಿಮ್ಮ ಪಕ್ಷ. ಮಣಿಕಟ್ಟಿನ ಎಂಟು ಮೂಳೆಗಳ ಹೆಸರು ಪರೀಕ್ಷೆ ಮುಗಿದ ಮೇಲೆ ಮರೆತರೆ ಯಾರ ಗಂಟೂ ಹೋಗುವುದಿಲ್ಲ. ಎರಡು ಮಾತ್ರ ನೆನಪಿರಲಿ. ರಕ್ತಕಣಗಳು ಹುಟ್ಟುವುದು ಮೂಳೆಮಜ್ಜೆಯಲ್ಲಿ, ಹಲವು ಕ್ಯಾನ್ಸರ್ ಔಷಧಗಳ ಪೆಟ್ಟು ಮೊದಲು ಬೀಳುವ ಜಾಗಗಳಲ್ಲಿ ಅದೂ ಒಂದು. ಇನ್ನೊಂದು, ಪೃಷ್ಠಕ್ಕೆ ಚುಚ್ಚುಮದ್ದು ಕೊಡುವಾಗ ತಪ್ಪಿಸಬೇಕಾದ ಸಯಾಟಿಕ್ ನರ. ಅದು ಎಲ್ಲಿದೆ ಅಂತ ಅಂದಾಜು ಮಾಡುವುದೇ ಸೊಂಟದ ಮೂಳೆಗಳ ಗುರುತಿನಿಂದ.

ಅಟ್ಲಾಸ್ ಕೊಳ್ಳಬೇಡಿ. ಲೈಬ್ರರಿಯದ್ದು ಸಾಕು. ಆ ದುಡ್ಡಿಗೆ ಫಾರ್ಮಕಾಲಜಿ, ಅಂದರೆ ಔಷಧಗಳು ಹೇಗೆ ಕೆಲಸ ಮಾಡುತ್ತವೆ ಅಂತ ಹೇಳುವ ಪುಸ್ತಕವನ್ನು ಈಗಲೇ ತಂದು ಪಕ್ಕದಲ್ಲಿಟ್ಟುಕೊಳ್ಳಿ. ಪೂರ್ತಿ ಅರ್ಥವಾಗದಿದ್ದರೂ ಚಿಂತೆಯಿಲ್ಲ. ಒಂದು ಅಂಗದ ಪಾಠ ಮುಗಿದ ಕೂಡಲೇ ಅಲ್ಲಿ ಕೆಲಸ ಮಾಡುವ ಎರಡು ಔಷಧ ಹುಡುಕಿ, ನೀವು ಬರೆದ ಚಿತ್ರದ ಮೇಲೇ ಗುರುತು ಮಾಡಿ.

-ಸಂ.