ರೇಡಿಯೋ ಪ್ರಶ್ನೋತ್ತರ: ಕ್ಷಿಪಣಿ ಹಾರುವ ದಿನ ಶಾರ್ಟ್‌ವೇವ್‌ನಲ್ಲಿ ಕೇಳುವುದೇನು?

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದವು: ಸೇನೆಯ ಶಾರ್ಟ್‌ವೇವ್ ಸಂದೇಶಗಳು. ಒಂದೇ ಪ್ರಶ್ನೆ ಹಲವರಿಂದ ಬಂದಿದ್ದರೆ ಒಂದನ್ನು ಮಾತ್ರ ಆರಿಸಿದ್ದೇವೆ.

ಪ್ರಶ್ನೆ (ತುಮಕೂರು): ಸರ್, 11175 ಕಿಲೋಹರ್ಟ್ಸ್‌ನಲ್ಲಿ ಒಬ್ಬರು ಇಂಗ್ಲಿಷ್ ಅಕ್ಷರ, ಅಂಕಿಗಳನ್ನು ‘ಆಲ್ಫಾ, ಚಾರ್ಲಿ, ಸೆವೆನ್’ ಎಂದು ಓದುತ್ತಿದ್ದರು. ಇದು ಅಮೆರಿಕದ ಕ್ಷಿಪಣಿ ಪರೀಕ್ಷೆಗೆ ಕೊಡುವ ಆದೇಶ ಎನ್ನುತ್ತಾರೆ ಗೆಳೆಯರು. ಹೌದೇ? ದನಿಗೆ ಪ್ರತಿಧ್ವನಿ ಬೇರೆ ಇತ್ತು.

ಉತ್ತರ: ನೀವು ಕೇಳಿದ್ದು ಅಮೆರಿಕದ ವಾಯುಪಡೆಯ ಜಾಗತಿಕ ಶಾರ್ಟ್‌ವೇವ್ ಜಾಲ. ಅದರ ಮುಖ್ಯ ಫ್ರೀಕ್ವೆನ್ಸಿಗಳು 4724, 8992, 11175 ಮತ್ತು 15016 ಕಿಲೋಹರ್ಟ್ಸ್. ನಾಲ್ಕೂ ಅಪ್ಪರ್ ಸೈಡ್‌ಬ್ಯಾಂಡ್, ಅಂದರೆ ಅಲೆಯ ಮೇಲ್ಬದಿಯನ್ನು ಮಾತ್ರ ಕಳಿಸುವ ಕ್ರಮ. ರೇಡಿಯೋದಲ್ಲಿ ‘ಯುಎಸ್‌ಬಿ’ ಎಂದಿರುತ್ತದೆ, ಚಾರ್ಜರ್ ಚುಚ್ಚುವ ತೂತಿಗೂ ಇದಕ್ಕೂ ಸಂಬಂಧವಿಲ್ಲ. ಸಾಮಾನ್ಯ ಎಎಂನಲ್ಲಿ ಇಟ್ಟರೆ ಬಾತುಕೋಳಿ ಕೂಗಿದಂತೆ ಕೇಳುತ್ತದೆ. ಫಿಲ್ಟರ್ 2.4ರಿಂದ 3 ಕಿಲೋಹರ್ಟ್ಸ್ ಅಗಲ ಇರಲಿ.

ಓದುವ ಕ್ರಮ ಬಹುತೇಕ ಬದಲಾಗುವುದಿಲ್ಲ. ಮೊದಲು ಆರು ಅಕ್ಷರಗಳ ತಲೆಸಾಲು ಮೂರು ಸಲ, ಆಮೇಲೆ ‘ಸ್ಟ್ಯಾಂಡ್ ಬೈ’, ಆಮೇಲೆ ಪೂರ್ತಿ ಸಂದೇಶ, ಮತ್ತೊಮ್ಮೆ ಅದೇ ಸಂದೇಶ, ಕೊನೆಗೆ ನಿಲ್ದಾಣದ ಕರೆಹೆಸರು ಮತ್ತು ‘ಔಟ್’. ಹೆಚ್ಚಿನವು 30 ಅಕ್ಷರದವು. ಅದರಲ್ಲಿ ಬರುವುದು ಎ ಇಂದ ಝಡ್‌ವರೆಗಿನ ಅಕ್ಷರಗಳು ಮತ್ತು 2ರಿಂದ 7ರವರೆಗಿನ ಅಂಕಿಗಳು ಮಾತ್ರ. ಬರೆದುಕೊಳ್ಳುವವರಿಗೆ ಇದು ಬಹಳ ಉಪಯೋಗದ ಮಾತು. ಗದ್ದಲದಲ್ಲಿ ‘ಫೈವ್’ ಮತ್ತು ‘ನೈನ್’ ಒಂದೇ ತರಹ ಕೇಳುತ್ತವೆ. 9 ಬರುವುದೇ ಇಲ್ಲವಾದ್ದರಿಂದ ಕಣ್ಣು ಮುಚ್ಚಿ 5 ಎಂದು ಬರೆಯಿರಿ. ನಿಮ್ಮ ಪುಸ್ತಕದಲ್ಲಿ 1, 8, 9, 0 ಕಾಣಿಸಿದರೆ ಅಲ್ಲಿ ಕಿವಿ ತಪ್ಪಿದೆ. ‘ಸ್ಕೈಕಿಂಗ್, ಸ್ಕೈಕಿಂಗ್, ಡು ನಾಟ್ ಆನ್ಸರ್’ ಎಂದು ಶುರುವಾಗುವುದು ಬೇರೆ ಜಾತಿ. ಅದರಲ್ಲಿ ಒಂದು ಗುಪ್ತಪದ, ನಿಮಿಷ ಸೂಚಿಸುವ ಎರಡಂಕಿ, ದೃಢೀಕರಣದ ಎರಡು ಅಕ್ಷರ ಇಷ್ಟೇ ಇರುತ್ತದೆ, ಕಣ್ಣು ಮಿಟುಕಿಸುವುದರಲ್ಲಿ ಮುಗಿದುಹೋಗುತ್ತದೆ.

ಪ್ರತಿಧ್ವನಿಗೆ ಕಾರಣ ಒಂದೇ ಸಂದೇಶವನ್ನು ಹಲವು ನಿಲ್ದಾಣಗಳು ಒಟ್ಟಿಗೆ ಬಿತ್ತರಿಸುವುದು. ನಮಗೆ ಹತ್ತಿರದ್ದು ಹಿಂದೂ ಮಹಾಸಾಗರದ ಡಿಯೇಗೋ ಗಾರ್ಸಿಯಾ ದ್ವೀಪ. ತುಮಕೂರಿನಿಂದ ಸುಮಾರು 2,300 ಕಿಲೋಮೀಟರ್, ನೇರ ದಕ್ಷಿಣಕ್ಕಿಂತ ತುಸು ಪಶ್ಚಿಮಕ್ಕೆ. ಅಲ್ಲಿಂದ ಅಲೆ ಬರಲು 8 ಮಿಲಿಸೆಕೆಂಡು ಸಾಕು. 12,000 ಕಿಲೋಮೀಟರ್ ಆಚೆಯ ನಿಲ್ದಾಣದ ಅಲೆಗೆ 40 ಬೇಕು. ಎರಡೂ ಒಟ್ಟಿಗೆ ಸಿಕ್ಕರೆ ಬಾವಿಯೊಳಗೆ ಮಾತಾಡಿದಂತೆ ಕೇಳುತ್ತದೆ.

ಇನ್ನು ಕ್ಷಿಪಣಿಯ ಮಾತು. ಈ ಸಂದೇಶಗಳು ದಿನವೂ, ಹಗಲೂ ರಾತ್ರಿ ಬರುತ್ತವೆ. ಒಳಗಿನ ಅರ್ಥ ಬೀಗದ ಕೈ ಇದ್ದವರಿಗೆ ಮಾತ್ರ. ಪರೀಕ್ಷೆಯ ದಿನವೂ ಬರುತ್ತವೆ, ಪರೀಕ್ಷೆ ಇಲ್ಲದ ದಿನವೂ ಬರುತ್ತವೆ. ‘ಆ ದಿನ ಎಂಟು ಸಂದೇಶ ಕೇಳಿದೆ’ ಎನ್ನುವವರನ್ನು ‘ಹಿಂದಿನ ಮೂವತ್ತು ದಿನ ಅದೇ ಹೊತ್ತಿಗೆ ಎಷ್ಟು ಕೇಳಿದಿರಿ?’ ಎಂದು ಕೇಳಿ ನೋಡಿ, ಮಾತು ನಿಲ್ಲುತ್ತದೆ. ಎಣಿಕೆ ಹೆಚ್ಚಲು ಇನ್ನೊಂದು ಕಾರಣವಿದೆ: ಆ ದಿನ ಅಲೆ ಚೆನ್ನಾಗಿ ಬಂದಿರಬಹುದು. ಅದನ್ನು ಬೇರ್ಪಡಿಸಲು ಒಬ್ಬ ಸಾಕ್ಷಿ ಬೇಕು. ಚೀನಾದ ಬಿಪಿಎಂ ಸಮಯ ನಿಲ್ದಾಣ 10 ಮತ್ತು 15 ಮೆಗಾಹರ್ಟ್ಸ್‌ನಲ್ಲಿ ಟಿಕ್ ಟಿಕ್ ಎನ್ನುತ್ತದೆ. ಪ್ರತಿ ಸಲ ಕೂತಾಗ ಅದರ ಸಿಗ್ನಲ್ ಮೀಟರ್ ಓದನ್ನೂ ಬರೆದಿಡಿ. ಬಿಪಿಎಂ ಎಂದಿನಂತಿದ್ದು ಸಂದೇಶ ಮಾತ್ರ ಹೆಚ್ಚಿದ್ದರೆ ಯೋಚಿಸಬಹುದು. ಎರಡೂ ಹೆಚ್ಚಿದ್ದರೆ ಅದು ಆಕಾಶದ ಕೃಪೆ.

ಪ್ರಶ್ನೆ (ಮಾಲೂರು): ಪರೀಕ್ಷೆಯ ಸಮಯವನ್ನು ನಮ್ಮ ಗಂಟೆಗೆ ಹೊಂದಿಸುವಾಗ ಪ್ರತಿ ಸಲ ಒಂದು ಗಂಟೆಯೋ ಒಂದು ದಿನವೋ ತಪ್ಪುತ್ತದೆ. ಯಾವ ಹೊತ್ತಿಗೆ ಯಾವ ಫ್ರೀಕ್ವೆನ್ಸಿ ಇಡಬೇಕು?

ಉತ್ತರ: ಅಮೆರಿಕದ ಮಿನಿಟ್‌ಮ್ಯಾನ್-3 ಕ್ಷಿಪಣಿಯ ಪರೀಕ್ಷೆಗಳು ಕ್ಯಾಲಿಫೋರ್ನಿಯಾದ ವ್ಯಾಂಡೆನ್‌ಬರ್ಗ್ ಸೇನಾ ನೆಲೆಯಿಂದ ಹೊರಟು ಸುಮಾರು 6,750 ಕಿಲೋಮೀಟರ್ ದೂರದ, ಪೆಸಿಫಿಕ್ ಸಾಗರದ ಕ್ವಾಜಲೀನ್ ಹವಳದ್ವೀಪದ ಕಡೆ ಹೋಗುತ್ತವೆ. ಎರಡು ಪರೀಕ್ಷೆಗಳ ಸಮಯ ನೋಡಿ. 2023ರ ನವೆಂಬರ್ 1ರಂದು ಹಾರಾಟದಲ್ಲಿ ದೋಷ ಕಂಡು ಕ್ಷಿಪಣಿಯನ್ನು ಅಲ್ಲಿನ ರಾತ್ರಿ 12:06ಕ್ಕೆ ನಾಶ ಮಾಡಿದರು. ಆಗ ಅಲ್ಲಿ ಬೇಸಿಗೆ ಗಡಿಯಾರ, ಯುಟಿಸಿಗಿಂತ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) 7 ಗಂಟೆ ಹಿಂದೆ. ಅಂದರೆ ಯುಟಿಸಿ 07:06, ನಮಗೆ ಅದೇ ದಿನ ಮಧ್ಯಾಹ್ನ 12:36. ಮರುವರ್ಷ ನವೆಂಬರ್ 5ರ ರಾತ್ರಿ 11:01ಕ್ಕೆ ಇನ್ನೊಂದು ಹಾರಿತು. ಅಷ್ಟರಲ್ಲಿ ಬೇಸಿಗೆ ಗಡಿಯಾರ ಮುಗಿದು ವ್ಯತ್ಯಾಸ 8 ಗಂಟೆ ಆಗಿತ್ತು. ಯುಟಿಸಿ 07:01, ನಮಗೆ ನವೆಂಬರ್ 6ರ ಮಧ್ಯಾಹ್ನ 12:31. ನಿಮ್ಮ ಒಂದು ಗಂಟೆ, ಒಂದು ದಿನ ಎರಡೂ ಜಾರಿದ್ದು ಇಲ್ಲೇ. ದಾಖಲೆ ಪುಸ್ತಕದಲ್ಲಿ ಯುಟಿಸಿ ಮಾತ್ರ ಬರೆಯಿರಿ, ಭಾರತದ ಸಮಯ ಬೇಕಾದರೆ 5 ಗಂಟೆ 30 ನಿಮಿಷ ಕೂಡಿಸಿಕೊಳ್ಳಿ.

ನಮಗೆ ನಡುಮಧ್ಯಾಹ್ನ ಎಂದಮೇಲೆ 4724 ತಿರುಗಿಸಿ ಕೂರುವುದು ವ್ಯರ್ಥ. ಬಿಸಿಲಿನಲ್ಲಿ ಅಯಾನುಗೋಳದ (ಶಾರ್ಟ್‌ವೇವನ್ನು ನೆಲಕ್ಕೆ ಮರಳಿಸುವ ಎತ್ತರದ ವಾಯುಪದರ) ಕೆಳಪದರ ಕಡಿಮೆ ಫ್ರೀಕ್ವೆನ್ಸಿಯನ್ನು ನುಂಗಿಬಿಡುತ್ತದೆ. ಹಗಲು ಮೊದಲು 15016, ಅದಿಲ್ಲದಿದ್ದರೆ 11175. ಸಂಜೆ 11175 ಮತ್ತು 8992. ರಾತ್ರಿ ಊಟವಾದ ಮೇಲೆ 8992 ಮತ್ತು 4724. ಮಾರ್ಚ್–ಏಪ್ರಿಲ್, ಸೆಪ್ಟೆಂಬರ್–ಅಕ್ಟೋಬರ್‌ಗಳಲ್ಲಿ ಸೂರ್ಯ ಮುಳುಗಿದ ಮೇಲೆ ದನಿ ಪಟಪಟ ನಡುಗಿದರೆ ರೇಡಿಯೋ ಬಿಚ್ಚಬೇಡಿ. ಭೂಕಾಂತೀಯ ಸಮಭಾಜಕ ದಕ್ಷಿಣ ಭಾರತದ ತುದಿಯ ಹತ್ತಿರವೇ ಹಾದುಹೋಗುವುದರಿಂದ ನಮ್ಮ ಮೇಲಿನ ಅಯಾನುಗೋಳ ಆ ಹೊತ್ತಿಗೆ ಕುದಿಯುವ ಎಸರಿನ ಹಾಗಿರುತ್ತದೆ.

ಪರೀಕ್ಷೆ ಯಾವಾಗ ಎಂಬ ಸುಳಿವಿನ ಮಾತು: ವಿಮಾನ ಚಾಲಕರಿಗೆ ಕೊಡುವ ‘ನೋಟಾಮ್’ ಸೂಚನೆ, ಹಡಗುಗಳಿಗೆ ಕೊಡುವ ಎಚ್ಚರಿಕೆ ಬಹಿರಂಗ ದಾಖಲೆಗಳು. ನಮ್ಮ ಸಮುದ್ರಭಾಗದ ಎಚ್ಚರಿಕೆಗಳನ್ನು ಡೆಹ್ರಾಡೂನ್‌ನ ರಾಷ್ಟ್ರೀಯ ಜಲಮಾಪನ ಕಚೇರಿ ಹೊರಡಿಸುತ್ತದೆ. ಅದರಲ್ಲಿರುವುದು ಅಪಾಯದ ಜಾಗದ ಅಕ್ಷಾಂಶ–ರೇಖಾಂಶ ಮತ್ತು ಕೆಲವು ದಿನಗಳ, ಕೆಲವು ಗಂಟೆಗಳ ಅವಧಿ. ಅವಧಿ ಎಂದರೆ ‘ಈ ನಡುವೆ ಯಾವಾಗಲಾದರೂ’ ಎಂದು. ಕೆಲವೊಮ್ಮೆ ಅವಧಿ ಮುಗಿದರೂ ಏನೂ ಹಾರುವುದಿಲ್ಲ.

ಪ್ರಶ್ನೆ (ಚಿಂತಾಮಣಿ): ನಮ್ಮದು ದ್ರಾಕ್ಷಿ ತೋಟ. ಚಪ್ಪರಕ್ಕೆ ಎಕರೆಗಟ್ಟಲೆ ಜಿಐ ತಂತಿ ಎಳೆದಿದ್ದೇವೆ. ಅದನ್ನೇ ಏರಿಯಲ್ ಮಾಡಿಕೊಳ್ಳಬಹುದೇ?

ಉತ್ತರ: ಆಸೆ ಸಹಜ, ಆದರೆ ಬೇಡ. ಚಪ್ಪರ ಆರೇಳು ಅಡಿ ಎತ್ತರದಲ್ಲಿದೆ, ಒದ್ದೆಯಾದ ಬಳ್ಳಿ ಮತ್ತು ಕಲ್ಲುಕಂಬಗಳ ಮೂಲಕ ನೂರಾರು ಕಡೆ ನೆಲ ಮುಟ್ಟುತ್ತದೆ. ಅದಕ್ಕಿಂತ ಕೆಟ್ಟದ್ದು ತುಕ್ಕು ಹಿಡಿದ ಗಂಟುಗಳು. ತುಕ್ಕಿನ ಗಂಟು ಡಯೋಡಿನ ಕೆಲಸ ಮಾಡುತ್ತದೆ, ಬಲವಾದ ನಿಲ್ದಾಣಗಳನ್ನು ಒಂದಕ್ಕೊಂದು ಬೆರೆಸಿ ಇಲ್ಲದ ಜಾಗದಲ್ಲಿ ಹುಟ್ಟಿಸುತ್ತದೆ. ಚಪ್ಪರ ಮಳೆಯಲ್ಲಿ ಒಂದು ರೀತಿ, ಬಿಸಿಲಿನಲ್ಲಿ ಒಂದು ರೀತಿ ಕೆಲಸ ಮಾಡುವುದು ಇದೇ ಕಾರಣಕ್ಕೆ.

ಬದಲಿಗೆ ಒಂದು ಡೈಪೋಲ್, ಅಂದರೆ ನಡುವಿನಿಂದ ಎರಡು ಕಡೆ ಸಮನಾಗಿ ಚಾಚಿದ ತಂತಿಯ ಏರಿಯಲ್ ಕಟ್ಟಿ. ಲೆಕ್ಕ ಸುಲಭ: 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರಿನಲ್ಲಿ ಬರುತ್ತದೆ. 11.175ಕ್ಕೆ 12.8 ಮೀಟರ್, ಅಂದರೆ ನಡುವಿನಿಂದ ಎರಡೂ ಕಡೆ 6.4. 8.992ಕ್ಕೆ 15.9, ಒಂದು ಕಡೆಗೆ ಸುಮಾರು 7.95. ಒಂದೇ ನಡುಬಿಂದುವಿಗೆ ಎರಡು ಜೋಡಿ ತಂತಿ ಸೇರಿಸಿ ತುದಿಗಳನ್ನು ಒಂದಡಿಯಾದರೂ ದೂರ ಬಿಟ್ಟು ಕಟ್ಟಿದರೆ ಎರಡೂ ಫ್ರೀಕ್ವೆನ್ಸಿಗೆ ಆಗುತ್ತದೆ. ತಂತಿ ಮನೆ ವೈರಿಂಗ್‌ನ 1.5 ಚದರ ಮಿಲಿಮೀಟರ್ ತಾಮ್ರದ್ದು ಸಾಕು, ಪ್ಲಾಸ್ಟಿಕ್ ಹೊದಿಕೆ ತೆಗೆಯಬೇಕಿಲ್ಲ. ತುದಿಗೆ ಇನ್ಸುಲೇಟರ್ ಆಗಿ ಪಿವಿಸಿ ಪೈಪಿನ ತುಂಡು, ಎಳೆಯಲು ನೈಲಾನ್ ಹಗ್ಗ.

ತಂತಿ ಪೂರ್ವ–ಪಶ್ಚಿಮವಾಗಿ ಇರಲಿ, ಡೈಪೋಲ್ ತಂತಿಗೆ ಅಡ್ಡವಾದ ದಿಕ್ಕಿಗೆ ಚೆನ್ನಾಗಿ ಕೇಳಿಸಿಕೊಳ್ಳುತ್ತದೆ, ಡಿಯೇಗೋ ಗಾರ್ಸಿಯಾ ದ್ವೀಪ ಇರುವುದು ದಕ್ಷಿಣಕ್ಕೆ. ಎತ್ತರ 12–13 ಮೀಟರ್ ಸಿಕ್ಕರೆ ಉತ್ತಮ, 6 ಮೀಟರಿಗೂ ಕೆಲಸ ನಡೆಯುತ್ತದೆ. ತಿಪಟೂರು ಕಡೆಯವರಿಗೆ ತೆಂಗಿನ ಮರ ಇದ್ದೇ ಇದೆ. ಆದರೆ ಮರ ಗಾಳಿಗೆ ತೂಗುತ್ತದೆ, ಬಿಗಿಯಾಗಿ ಕಟ್ಟಿದ ತಂತಿ ಮೊದಲ ಮಳೆಗಾಳಿಗೇ ಹರಿಯುತ್ತದೆ. ಒಂದು ತುದಿಯ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ, ಮರಳು ತುಂಬಿದ ಎರಡು ಲೀಟರ್ ಬಾಟಲಿ ತೂಗುಬಿಡಿ. ಕರೆಂಟ್ ಲೈನಿನ ಮೇಲೆ, ಕೆಳಗೆ, ಅಥವಾ ತಂತಿ ಹರಿದರೆ ಲೈನಿಗೆ ಬೀಳುವಷ್ಟು ಹತ್ತಿರ ಎಲ್ಲೂ ಕಟ್ಟಕೂಡದು. ಗುಡುಗು ಕೇಳಿದರೆ ಕೇಬಲ್ ಬಿಚ್ಚಿ ಮನೆಯ ಹೊರಗಿಡಿ.

ಕೆಳಗೆ ಇಳಿಸಲು ಟಿವಿ ಡಿಶ್‌ನ ಆರ್‌ಜಿ-6 ಕೇಬಲ್ ಸಾಕು. ಡೈಪೋಲಿಗೆ ಸೇರುವಲ್ಲಿ ಎಫ್‌ಟಿ240-31 ಫೆರೈಟ್ ಉಂಗುರದೊಳಗೆ ಕೇಬಲನ್ನು ಎಂಟು ಸುತ್ತು ಹಾಕಿ. ಆರ್‌ಜಿ-6 ಬಗ್ಗದೆ ಹಟ ಮಾಡುತ್ತದೆ, ಸುತ್ತುವ ತುಂಡು ಮಾತ್ರ ತೆಳುವಾದ ಆರ್‌ಜಿ-58 ಇರಲಿ. ಈ ಉಂಗುರ ಬಿಟ್ಟರೆ ಮನೆಯ ಗದ್ದಲ ಕೇಬಲಿನ ಹೊರಮೈ ಹಿಡಿದು ಏರಿಯಲ್‌ವರೆಗೂ ಹತ್ತುತ್ತದೆ.

ಪ್ರಶ್ನೆ (ಮಧುಗಿರಿ): ಊರಿನಲ್ಲಿ ಶಾಂತವಾಗಿರಬೇಕಿತ್ತು, ಆದರೆ ಗೊರ್ರೆನ್ನುವ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಉತ್ತರ: ಮೊದಲು ರೇಡಿಯೋವನ್ನು ಸೆಲ್ ಮೇಲೆ ನಡೆಸಿ, ಮನೆಯ ಮೇನ್ ಸ್ವಿಚ್ ಆರಿಸಿ. ಸದ್ದು ಹೋದರೆ ಕಳ್ಳ ಮನೆಯೊಳಗಿದ್ದಾನೆ. ಮೇನ್ ಹಾಕಿ, ಎಂಸಿಬಿಗಳನ್ನು ಒಂದೊಂದಾಗಿ ಏರಿಸುತ್ತ ಹೋಗಿ. ಸಾಮಾನ್ಯವಾಗಿ ಸಿಕ್ಕಿಬೀಳುವವು ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಯುಪಿಎಸ್. ಇಲ್ಲಿ ಬಹಳ ಜನ ಎಡವುವುದು ಪವರ್ ಬ್ಯಾಂಕಿನಲ್ಲಿ. ‘ಬ್ಯಾಟರಿ ತಾನೇ’ ಎಂದು ಅದಕ್ಕೇ ಚುಚ್ಚುತ್ತಾರೆ, ಆದರೆ ಅದರೊಳಗೆ 3.7 ವೋಲ್ಟನ್ನು 5ಕ್ಕೆ ಏರಿಸುವ ಸ್ವಿಚಿಂಗ್ ಸರ್ಕ್ಯೂಟ್ ಇದೆ, ಅದೇ ಗದ್ದಲದ ಗೂಡು.

ಮೇನ್ ಆರಿಸಿದರೂ ಹೋಗದಿದ್ದರೆ ಸದ್ದಿನ ಗುಣ ನೋಡಿ. ಸೆಕೆಂಡಿಗೊಮ್ಮೆ ಟಕ್ ಎಂದರೆ ಸೋಲಾರ್ ಬೇಲಿಯ ಝಟ್ಕಾ ಮಷಿನ್. ಬೇಲಿಗೆ ಕಳೆಗಿಡ ತಗುಲಿ ಕಿಡಿ ಹಾರುವ ಜಾಗದಲ್ಲಿ ಸದ್ದು ಹೆಚ್ಚು, ಗಿಡ ಸವರಿದರೆ ಬೇಲಿಗೂ ಒಳ್ಳೆಯದು, ರೇಡಿಯೋಗೂ ಒಳ್ಳೆಯದು. ಒಣ ದಿನ ಒರಟಾಗಿ ಗುಂಯ್‌ಗುಟ್ಟಿ ಮಳೆ ಬಂದಾಗ ನಿಂತರೆ 11 ಕೆವಿ ಲೈನಿನ ಸಡಿಲ ಜೋಡಣೆ. ಸೆಕೆಂಡಿಗೆ 50 ಆವರ್ತದ ಕರೆಂಟಿನಲ್ಲಿ ಕಿಡಿ ಪ್ರತಿ ಆವರ್ತಕ್ಕೆ ಎರಡು ಸಲ ಹಾರುವುದರಿಂದ ಅದು 100 ಹರ್ಟ್ಸ್ ಗುಂಯ್. ಕಂಬದ ಸಂಖ್ಯೆ ಬರೆದುಕೊಂಡು ಲೈನ್‌ಮ್ಯಾನ್‌ಗೆ ತಿಳಿಸಿ, ನೀವು ಕಂಬ ಮುಟ್ಟಬೇಡಿ. ಬೆಳಗ್ಗೆ ಬಿಸಿಲೇರುತ್ತಿದ್ದಂತೆ ಶುರುವಾಗಿ ಮೋಡ ಮುಚ್ಚಿದಾಗ ತಗ್ಗಿದರೆ ಪಕ್ಕದ ತೋಟದ ಸೋಲಾರ್ ಪಂಪಿನ ಡ್ರೈವ್. ಮಾಮೂಲಿ ಸ್ಟಾರ್ಟರಿನ ಪಂಪ್‌ಸೆಟ್ ಆನ್ ಆಗುವಾಗ ಒಮ್ಮೆ ಚಿಟ್ ಎಂದು ಸುಮ್ಮನಾಗುತ್ತದೆ, ಅದರ ಮೇಲೆ ಅನುಮಾನ ಬೇಡ.

ಪ್ರಶ್ನೆ (ತಿಪಟೂರು): ಆರ್‌ಟಿಎಲ್-ಎಸ್‌ಡಿಆರ್ ವಿ3 ಡಾಂಗಲ್ (ಕಂಪ್ಯೂಟರಿಗೆ ಚುಚ್ಚುವ ಪುಟ್ಟ ರೇಡಿಯೋ) ಹಾಕಿದ್ದೇನೆ. 11175ರ ಮೇಲೆ ಯಾವುದೋ ದೇಶದ ಪ್ರಸಾರ ಕೇಳುತ್ತದೆ. ಇದು ಜಾಮಿಂಗ್ (ಬೇಕೆಂದೇ ಅಡ್ಡಿಪಡಿಸುವುದು) ಇರಬಹುದೇ?

ಉತ್ತರ: ಇಲ್ಲ, ಡಾಂಗಲಿನದೇ ಲೆಕ್ಕದ ತಪ್ಪು. ಡೈರೆಕ್ಟ್ ಸ್ಯಾಂಪ್ಲಿಂಗ್‌ನಲ್ಲಿ, ಅಂದರೆ ಏರಿಯಲ್‌ನ ಅಲೆಯನ್ನು ನೇರವಾಗಿ ಅಂಕಿಗಳಾಗಿ ಮಾರ್ಪಡಿಸುವ ಕ್ರಮದಲ್ಲಿ, ಅದು 28.8 ಮೆಗಾಹರ್ಟ್ಸ್ ಗಡಿಯಾರದಿಂದ ಮಾದರಿ ತೆಗೆಯುತ್ತದೆ. ಆದ್ದರಿಂದ 14.4ರ ಮೇಲಿನದು ಕನ್ನಡಿಯಲ್ಲಿ ಕಂಡಂತೆ ಕೆಳಗೆ ಮಡಚಿಕೊಳ್ಳುತ್ತದೆ. 28.8ರಲ್ಲಿ 11.175 ಕಳೆದರೆ 17.625, ಅದು 16 ಮೀಟರ್ ಪ್ರಸಾರ ಬ್ಯಾಂಡಿನ ನಟ್ಟನಡುವೆ. 15.016ರ ಕನ್ನಡಿ 13.784, ಅದು 22 ಮೀಟರ್ ಬ್ಯಾಂಡ್. ದುರದೃಷ್ಟಕ್ಕೆ ಹಗಲಿನ ಎರಡೂ ಫ್ರೀಕ್ವೆನ್ಸಿಗಳು ಸಿಕ್ಕಿಬೀಳುತ್ತವೆ. 8992 ಮತ್ತು 4724ರ ಕನ್ನಡಿಗಳು 19.808 ಮತ್ತು 24.076, ಅಲ್ಲಿ ಪ್ರಸಾರ ಬ್ಯಾಂಡ್ ಇಲ್ಲ. 11175ಕ್ಕೆ 14 ಮೆಗಾಹರ್ಟ್ಸ್ ಆಸುಪಾಸಿನಿಂದ ಮೇಲಿನದನ್ನು ಕತ್ತರಿಸುವ ಲೋ-ಪಾಸ್ ಫಿಲ್ಟರ್ ಹಾಕಿ. ಇದೇ ಫಿಲ್ಟರ್ ಇಟ್ಟುಕೊಂಡು 15016 ಕೇಳಲು ಹೋದರೆ ಏನೂ ಬರುವುದಿಲ್ಲ, ಆಗ ತೆಗೆಯಬೇಕು. ವಿ4 ಮಾದರಿಯಲ್ಲಿ ಅಪ್‌ಕನ್ವರ್ಟರ್ (ಶಾರ್ಟ್‌ವೇವನ್ನು ಮೇಲಿನ ಫ್ರೀಕ್ವೆನ್ಸಿಗೆ ಏರಿಸುವ ಭಾಗ) ಇರುವುದರಿಂದ ಈ ಕಾಟವಿಲ್ಲ.

ವಿ3ನಲ್ಲಿ ಈ ಕ್ರಮದಲ್ಲಿ ಟ್ಯೂನರ್ ಚಿಪ್ಪನ್ನೇ ದಾಟಿ ಹೋಗುವುದರಿಂದ ಗೇನ್ ಸ್ಲೈಡರ್ ಎಳೆದರೂ ಏನೂ ಆಗುವುದಿಲ್ಲ. ಬೆಂಗಳೂರಿಗೆ ಹತ್ತಿರ ಇರುವವರಿಗೆ ಆಕಾಶವಾಣಿಯ 612 ಕಿಲೋಹರ್ಟ್ಸ್ ಮೀಡಿಯಂ ವೇವ್ ಎಲ್ಲೆಂದರಲ್ಲಿ ನುಗ್ಗುತ್ತದೆ. ಅದಕ್ಕೆ 2 ಮೆಗಾಹರ್ಟ್ಸ್ ಕೆಳಗಿನದನ್ನು ತಡೆಯುವ ಹೈ-ಪಾಸ್ ಫಿಲ್ಟರ್ ಬೇಕು.

ಪ್ರಶ್ನೆ (ಶಿಡ್ಲಘಟ್ಟ): ನಮ್ಮ ದೇಶದ ಪರೀಕ್ಷೆಗಳ ಸಮಯದಲ್ಲಿ ಯಾವ ಫ್ರೀಕ್ವೆನ್ಸಿ ಕೇಳಬೇಕು?

ಉತ್ತರ: ಈ ಅಂಕಣದಲ್ಲಿ ಅದನ್ನು ಕೊಡುವುದಿಲ್ಲ. ಸಂದೇಶಗಳನ್ನು ಕಾನೂನುಬಾಹಿರವಾಗಿ ಕದ್ದು ಕೇಳಿದರೆ 2023ರ ದೂರಸಂಪರ್ಕ ಕಾಯ್ದೆಯ 42ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು, ಎರಡು ಕೋಟಿ ರೂಪಾಯಿವರೆಗೆ ದಂಡ ಇದೆ. ರಕ್ಷಣಾ ವಿಷಯ ಹಂಚಿದರೆ 1923ರ ಅಧಿಕೃತ ರಹಸ್ಯ ಕಾಯ್ದೆಯೂ ಬರುತ್ತದೆ. ವಿದೇಶದ್ದಾದರೂ ಸೇನಾ ಸಂದೇಶದ ಧ್ವನಿಮುದ್ರಣವನ್ನು ವಾಟ್ಸಾಪ್ ಗುಂಪಿಗೆ ಹಾಕುವ ಚಾಳಿ ಬೇಡ. ಕಿವಿ ಪಳಗಿಸಲು 6676 ಮತ್ತು 11387 ಕಿಲೋಹರ್ಟ್ಸ್‌ನಲ್ಲಿ ವಿಮಾನಗಳಿಗೆ ಹವಾಮಾನ ಓದುವ ವೋಲ್ಮೆಟ್ ಇದೆ. 12 ವರ್ಷ ತುಂಬಿದವರು ಹ್ಯಾಮ್ (ಹವ್ಯಾಸಿ ರೇಡಿಯೋ) ಪರವಾನಗಿಯ ಪರೀಕ್ಷೆ ಬರೆಯಬಹುದು, ನಿರ್ಬಂಧಿತ ದರ್ಜೆಗೆ ಮೋರ್ಸ್ ಸಂಕೇತ ಬೇಕಿಲ್ಲ.

ಪ್ರಶ್ನೆ (ಗೌರಿಬಿದನೂರು): ಒಂದು ಮಧ್ಯಾಹ್ನ ಎಲ್ಲ ನಿಲ್ದಾಣಗಳೂ ಒಮ್ಮೆಗೇ ಮಾಯವಾಗಿ ಮುಕ್ಕಾಲು ಗಂಟೆಯ ಮೇಲೆ ಮರಳಿದವು. ಯಾರಾದರೂ ಬೇಕೆಂದೇ ತಡೆದರೇ?

ಉತ್ತರ: ಸೂರ್ಯ ತಡೆದಿರಬೇಕು. ದೊಡ್ಡ ಸೌರಜ್ವಾಲೆಯ ಕ್ಷಕಿರಣ ಹಗಲಿನ ಕಡೆಯ ಅಯಾನುಗೋಳದ ಕೆಳಪದರವನ್ನು ದಟ್ಟ ಮಾಡಿ ಶಾರ್ಟ್‌ವೇವನ್ನು ಹೀರಿಬಿಡುತ್ತದೆ. ಸೂರ್ಯನ ರೇಡಿಯೋ ಅಲೆಗಳನ್ನು ಗಮನಿಸುವ ವೀಕ್ಷಣಾಲಯ ನಿಮ್ಮ ಊರಿನ ಹತ್ತಿರವೇ ಇದೆ. ಗುರುತು ಹಿಡಿಯಲು ಮರಳುವ ಕ್ರಮ ನೋಡಿ: 15016 ಮೊದಲು, 11175 ಆಮೇಲೆ, ಕೆಳಗಿನವು ಕೊನೆಗೆ ಬಂದರೆ ಸೌರಜ್ವಾಲೆ. ಎಲ್ಲವೂ ಟಪ್ ಎಂದು ಒಂದೇ ಕ್ಷಣಕ್ಕೆ ಮರಳಿದರೆ, ಅಥವಾ ಇದೇ ಘಟನೆ ರಾತ್ರಿ ನಡೆದರೆ, ಡೈಪೋಲಿನ ನಡುವಿನ ಬೆಸುಗೆ ಅಲ್ಲಾಡಿಸಿ ನೋಡಿ.