ಹಳೆ ಜರ್ಮನ್ ಕಾರು ಎಷ್ಟು ಉಳಿದಿವೆ, ನಿಮ್ಮ 240ಡಿ ಅಪರೂಪವಾ?

ಸರ್, ಮಾವನವರ ಶೆಡ್‌ನಲ್ಲಿರುವ 1982ರ ಮರ್ಸಿಡಿಸ್ 240ಡಿ ಫೋಟೋ ಹಾಕಿ, "ಇಂಥವು ಜಗತ್ತಿನಲ್ಲಿ ಎಷ್ಟು ಓಡುತ್ತಿರಬಹುದು?" ಅಂತ ಕೇಳಿದ್ದೀರಿ. ಇಡೀ ಜಗತ್ತಿಗೆ ಒಂದೇ ಲೆಕ್ಕ ಇಡುವವರು ಯಾರೂ ಇಲ್ಲ. ಜರ್ಮನಿಯ ಲೆಕ್ಕ ಮಾತ್ರ ಚೆನ್ನಾಗಿ ಸಿಗುತ್ತದೆ. ಫ್ಲೆನ್ಸ್‌ಬರ್ಗ್‌ನಲ್ಲಿರುವ ಕೆಬಿಎ ಅನ್ನುವ ಸರ್ಕಾರಿ ಕಚೇರಿ ಪ್ರತಿ ಜನವರಿ 1ಕ್ಕೆ ನೋಂದಣಿಯಾದ ಗಾಡಿಗಳನ್ನು ಎಣಿಸುತ್ತದೆ. ನಮ್ಮ ಆರ್‌ಟಿಒಗಳಿಗೆಲ್ಲ ದೊಡ್ಡಣ್ಣ ಅನ್ನಿ.

ಆದರೆ ಆ ಅಂಕಿಗಳನ್ನು ಹುಷಾರಾಗಿ ಓದಬೇಕು. 2008ರಿಂದ ತಾತ್ಕಾಲಿಕವಾಗಿ ನೋಂದಣಿ ತೆಗೆಸಿ ನಿಲ್ಲಿಸಿದ ಗಾಡಿಗಳನ್ನು ಅವರು ಎಣಿಸುವುದಿಲ್ಲ. ಹಾಗಾಗಿ ಆ ವರ್ಷ ಒಮ್ಮೆಲೇ ಸಂಖ್ಯೆ ಬಿತ್ತು, ಗಾಡಿಗಳೇನೂ ಗುಜರಿಗೆ ಹೋಗಿರಲಿಲ್ಲ! ಇನ್ನು ಹಳೆ ಗಾಡಿಗಳಿಗೆಂದೇ 1997ರಲ್ಲಿ ಅಲ್ಲಿ ಬಂದ ಎಚ್ ನಂಬರ್ ಪ್ಲೇಟ್. ಗಾಡಿಗೆ 30 ವರ್ಷ ಆಗಿರಬೇಕು, ಮೂಲ ರೂಪದಲ್ಲೇ ಇರಬೇಕು. ಎಂಜಿನ್ ಎಷ್ಟೇ ದೊಡ್ಡದಿರಲಿ, ಕಾರಿಗೆ ವರ್ಷಕ್ಕೆ ಸುಮಾರು 191 ಯೂರೋ ತೆರಿಗೆ. ಇಂಥ ಪ್ಲೇಟಿನ ಗಾಡಿಗಳು 6 ಲಕ್ಷ ದಾಟಿವೆ. ಅದರಲ್ಲಿ ಬೇರೆ ದೇಶದಲ್ಲಿ ತಯಾರಾದ ಗಾಡಿಗಳೂ ಸೇರಿವೆ. 30 ತುಂಬಿದರೂ ಎಚ್ ಪಡೆಯದ ಗಾಡಿಗಳು ಮಾತ್ರ ಇದರಲ್ಲಿ ಬರುವುದಿಲ್ಲ.

ಜಾಸ್ತಿ ಮಾಡಿದ್ದೇ ಜಾಸ್ತಿ ಉಳಿಯುತ್ತದೆ ಅಂತೇನಿಲ್ಲ. ಫೋಕ್ಸ್‌ವ್ಯಾಗನ್ ಬೀಟಲ್ 2.15 ಕೋಟಿ ತಯಾರಾಯಿತು, ಎಚ್ ಪಟ್ಟಿಯಲ್ಲೂ ಮುಂದಿದೆ, ಸರಿ. ಆದರೆ ಅದೇ ಕಂಪನಿಯ ಮೊದಲ ಗಾಲ್ಫ್ ಕಾರು ನೋಡಿ. ದಿನಾ ಆಫೀಸಿಗೆ, ಮಾರ್ಕೆಟ್‌ಗೆ ಓಡಿಸಿ, ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪಿಗೆ ತುಕ್ಕು ಹಿಡಿಸಿ ಮುಗಿಸಿಬಿಟ್ಟರು. ಪೂರ್ವ ಜರ್ಮನಿಯ ಟ್ರಾಬಾಂಟ್ ಕಥೆ ತಮಾಷೆಯದು. ಹೊರಮೈ ಹತ್ತಿ ಮತ್ತು ರೆಸಿನ್ ಸೇರಿಸಿ ಒತ್ತಿದ ಹಲಗೆ, ಅದಕ್ಕೆ ತುಕ್ಕೇ ಇಲ್ಲ. 30 ಲಕ್ಷ ಚಿಲ್ಲರೆ ಮಾಡಿದ್ದರು, 1991ಕ್ಕೆ ನಿಂತಿತು. ಬರ್ಲಿನ್ ಗೋಡೆ ಬಿದ್ದ ಮೇಲೆ ಜನ ಬೀದಿಯಲ್ಲೇ ಬಿಟ್ಟು ಹೋದರು. ಈಗ ನೋಂದಣಿ ಮತ್ತೆ ಏರುತ್ತಿದೆ.

ನನಗೆ ಬೇಜಾರಾಗುವುದು 2009ರ ಬಗ್ಗೆ. 9 ವರ್ಷ ದಾಟಿದ ಕಾರು ಗುಜರಿಗೆ ಹಾಕಿ ಹೊಸದು ತಗೊಂಡರೆ ಸರ್ಕಾರ 2,500 ಯೂರೋ ಕೊಟ್ಟಿತು. ಹತ್ತಿರ ಹತ್ತಿರ 20 ಲಕ್ಷ ಕಾರು ಹೋದವು. ಇವತ್ತು ಎಚ್ ಪ್ಲೇಟ್ ಹಾಕಿಕೊಂಡು ಓಡಾಡಬೇಕಿದ್ದ ಎಷ್ಟೋ ಗಾಡಿ ಅದರಲ್ಲಿದ್ದವು.

ಈಗ ನಿಮ್ಮ ಗಾಡಿ. 1976ರಿಂದ 85ರವರೆಗೆ ಈ 123 ಸರಣಿಯಲ್ಲಿ ಸುಮಾರು 27 ಲಕ್ಷ ಬಂದವು. ಎಚ್ ಪಟ್ಟಿಯಲ್ಲಿ ಮೇಲಿನ ಸಾಲಲ್ಲೇ ಇದೆ. ಹಾಗಾಗಿ ಅಲ್ಲಿ ಅಪರೂಪ ಅಲ್ಲ, ಬಿಡಿಭಾಗಕ್ಕೆ ಅದೇ ಒಳ್ಳೆಯದು. ಎಂಜಿನ್ ನಮಗೂ ಹಳೆ ಪರಿಚಯ: ಟೆಂಪೋ ಟ್ರಾಕ್ಸ್‌ಗೆ ಇದೇ ಓಎಂ616 ಎಂಜಿನ್ನನ್ನು ಲೈಸೆನ್ಸ್ ಪಡೆದು ಇಲ್ಲಿ ಮಾಡುತ್ತಿದ್ದರು. ನಿಮ್ಮೂರಿನ ಹಳೆ ಟ್ರಾಕ್ಸ್ ಮೆಕ್ಯಾನಿಕ್‌ಗೆ ಒಮ್ಮೆ ತೋರಿಸಿ. ಆದರೆ ಪಾರ್ಟ್ ನಂಬರ್ ಹೋಲಿಸದೆ ಏನೂ ತರಬೇಡಿ.

ಸ್ಟಾರ್ಟ್ ಮಾಡುವ ಆಸೆ ತಡೆದುಕೊಂಡು ಮೊದಲು ಅಡಿ ನೋಡಿ. ಜಾಕ್ ಕೊಡುವ ಜಾಗ, ಹಿಂದಿನ ಸ್ಪ್ರಿಂಗ್ ಕೂರುವ ಜಾಗ, ಮುಂದಿನ ಮಡ್‌ಗಾರ್ಡ್ ಒಳಭಾಗ. ಅಲ್ಲಿ ಸ್ಕ್ರೂಡ್ರೈವರ್ ಒಳಗೆ ಹೋದರೆ ಖರ್ಚು ದೊಡ್ಡದೇ. ವಿಂಟೇಜ್ ನೋಂದಣಿ ಆಸೆ ಸದ್ಯಕ್ಕೆ ಬಿಡಿ, ನಮ್ಮ ದೇಶದ 2021ರ ನಿಯಮದ ಪ್ರಕಾರ 50 ವರ್ಷ ತುಂಬಬೇಕು. ನಿಮ್ಮದಕ್ಕೆ 2032. ಅಲ್ಲಿಯವರೆಗೆ ಮಾಮೂಲಿ ಆರ್‌ಸಿ ನವೀಕರಣವೇ. ಅಡಿಯ ಫೋಟೋ ತೆಗೆದು ಇಲ್ಲೇ ಹಾಕಿ, ನೋಡೋಣ.